ಉಡಕಿ ಆದಾಕಿ

ನಮ್ಮ ಮನೆತನದ ಮೂಲದವರ ಹೆಸರು ಕೆತ್ತಿಸಿದ ಕಲ್ಲೊಂದನ್ನು ಬೇಡಕಿಹಾಳದ ಹೊಲದಲ್ಲಿ, ಹಳೆಯ ಬಾವಿಯ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ನಿಪ್ಪಾಣಿಯಲ್ಲಿ ಮಾಡಿಸಿದ ಕರಿ ಗ್ರಾನೈಟು, ಅಕ್ಷರಗಳೇನೋ ಚಂದ. ಅದರ ಮೇಲಿರುವುದು ಮಾತ್ರ ಹಸಿ ಸುಳ್ಳು. ಮುತ್ತಜ್ಜನ ಕೆಳಗೆ ‘ಧರ್ಮಪತ್ನಿ’ ಎಂದು ಯಾರ ಹೆಸರು ಹಾಕಿದ್ದಾರೋ ಆಕೆ ಮಕ್ಕಳಾಗುವ ಮೊದಲೇ ತೀರಿಹೋದ ಮೊದಲ ಹೆಂಡತಿ. ಪಾಪ, ಆಕೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಾವಿಷ್ಟೂ ಜನ ಎರಡನೆಯವಳ ಹೊಟ್ಟೆಯ ಕುಡಿಗಳು. ಅವಳ ಹೆಸರು ಅಲ್ಲಿ ಎಲ್ಲೂ ಇಲ್ಲ.

ಕಾರಣ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವಳು ಉಡಕಿ ಆದವಳಂತೆ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ, ಬಳೆ ತೊಡಿಸಿ, ಇನ್ನೊಬ್ಬನ ಮನೆ ತುಂಬಿಸುವುದಕ್ಕೆ ನಮ್ಮ ಕಡೆ ಉಡಕಿ ಎನ್ನುತ್ತಾರೆ. ಬಾಜಾಬಜಂತ್ರಿ ಇಲ್ಲ, ಅಕ್ಕಿಕಾಳಿಲ್ಲ. ದುಡಿಯುವುದು, ಹೆರುವುದು, ಸಾಕುವುದು ಎಲ್ಲ ಹೆಂಡತಿಯದೇ. ಮರ್ಯಾದೆ ಹಂಚುವಾಗ ಮಾತ್ರ ಅವಳು ಹೆಂಡತಿಯಲ್ಲ!

ಅವಳನ್ನು ಕಣ್ಣಾರೆ ಕಂಡಿದ್ದವಳು ನಮ್ಮ ಆಯಿ, ಅಂದರೆ ನನ್ನ ಅಪ್ಪನ ತಾಯಿ. ಅವಳು ಆ ಮುತ್ತಜ್ಜಿಗೆ ಸೊಸೆ. ಜೋಳ ಹಸನು ಮಾಡುತ್ತಾ ನನಗೆ ಹೇಳುತ್ತಿದ್ದಳು:

“ನಮ್ಮ ಮಾವಗ ದಮ್ಮಿನ ಬ್ಯಾನಿ. ಬಾವಿ ನೀರು ಎಳಿಯಾಕ ಎತ್ತು ಹೊಡಿಯಾಕಿ ಅತ್ತೀನ. ಆಕಿ ಬಂದು ಮಗ್ಗಲಕ ಕುಂದ್ರೂತನಕಾ ಮಾವ ರೊಟ್ಟಿ ಮುರೀತಿರ್ಲಿಲ್ಲ ನೋಡು. ಮಂದಿ ನಗತಿದ್ರು. ನಕ್ರ ನಗವಲ್ರ್ಯಾಕ ಅಂತಿದ್ದ.”

ಅಷ್ಟು ಮಾನ ಕೊಟ್ಟ ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಒಲೆಯ ಮುಂದಿನ ಜಾಗ. ಹೆತ್ತ ಕಿರಿಮಗನ ಲಗ್ನದಲ್ಲಿ ತಾಯಿಯ ಜಾಗಕ್ಕೆ ನಾದಿನಿಯನ್ನು ನಿಲ್ಲಿಸಿ, ಅವಳನ್ನು ಹಿತ್ತಲಲ್ಲಿ ರೊಟ್ಟಿ ಬಡಿಯಲು ಕೂರಿಸಿದ್ದರಂತೆ. ಇದನ್ನು ಹೇಳುವಾಗ ಆಯಿಯ ಕೈ ಮೊರದಲ್ಲೇ ನಿಂತುಬಿಡುತ್ತಿತ್ತು.

ಕಲ್ಲು ನಿಲ್ಲಿಸುವ ಯೋಚನೆ ದೊಡ್ಡಪ್ಪನ ಮಗನದು. ಅಥಣಿ ಕಡೆ ದ್ರಾಕ್ಷಿ ತೋಟ ಮಾಡಿರುವ ಆತನನ್ನು ನಾನು ಅಣ್ಣ ಎಂದೇ ಕರೆಯುತ್ತೇನೆ. ಪೂಜೆಯ ದಿನ ಪರದೆ ಸರಿಸಿದಾಗಲೇ ನಾನು ಕಲ್ಲನ್ನು ಓದಿದ್ದು. ನೇರವಾಗಿ ಅವನ ಹತ್ತಿರ ಹೋದೆ.

“ಅಣ್ಣಾ, ನಮ್ಮನ್ನ ಹಡದಾಕಿ ಹೆಸರು ಎಲ್ಲೈತಿ?”

“ಸುಮ್ನಿರ ತಂಗಿ. ಸದಲಗಾ, ರಾಯಬಾಗದಿಂದ ಬೀಗ್ರು ಬಂದಾರ. ಉಡಕಿ ಆದಾಕಿ ಹೆಸರು ಹಾಕಿ ಮಂದಿ ಬಾಯಾಗ ಬೀಳೂದೇನು?”

“ಹಂಗಾರ ಹ್ವಾದ ವರ್ಷ ನಿನ್ನ ಮಗಳಿಗೆ ಆದದ್ದೇನು?”

ಅವನ ಮಗಳು ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದಳು. ಚಿಕ್ಕೋಡಿಯ ಕಲ್ಯಾಣ ಮಂಟಪದಲ್ಲಿ ಮತ್ತೆ ಮದುವೆ ಮಾಡಿದೆವು. ಅಕ್ಕಿಕಾಳು ಹಾಕಿ ಎಲ್ಲರೂ ಜಿಲೇಬಿ ತಿಂದು ಬಂದಿದ್ದೆವು. ಒಳ್ಳೆಯ ಕೆಲಸವೇ, ಅದಕ್ಕೆ ಅವನನ್ನು ಹೊಗಳಿದವಳೂ ನಾನೇ.

“ಅದು ಪುನರ್ವಿವಾಹ,” ಎಂದ, ಭಾಷಣಕ್ಕೆ ನಿಂತವನಂತೆ. “ಅದs ಬ್ಯಾರೆ, ಇದs ಬ್ಯಾರೆ.”

ಏನು ಬೇರೆ? ಮಗಳಿಗಾದರೆ ಪುನರ್ವಿವಾಹ, ಮುತ್ತಜ್ಜಿಗಾದರೆ ಉಡಕಿ! ನಾಲಿಗೆಯೋ, ಎಕ್ಕಡವೋ? ಹಾಗೆಂದು ಬಾಯಿಬಿಟ್ಟು ಕೇಳುವಷ್ಟರಲ್ಲಿ ಅತ್ತಿಗೆ ಆರತಿಗೆ ಕರೆದಳು.

ಮನೆಯ ಹಿರಿಮಗಳೆಂದು ಮೊದಲ ಆರತಿ ಅದೇ ಹುಡುಗಿಯ ಕೈಗೆ ಬಂತು. ನಮ್ಮ ಬೆನ್ನ ಹಿಂದೆಯೇ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಉರಿಯುವ ಕರ್ಪೂರದ ತಟ್ಟೆ ಹಿಡಿದು ಕಲ್ಲಿನ ಮುಂದೆ ಹೋದವಳು ಅಕ್ಷರಗಳನ್ನು ಒಮ್ಮೆ ಓದಿದಳು. ಆಮೇಲೆ ತಿರುಗಿ ಅಪ್ಪನ ಹತ್ತಿರ ಬಂದಳು.

“ಅಪ್ಪಾ, ಉಡಕಿ ಆದಾಕಿ ಆರತಿ ಬೆಳಗಿದ್ರ ಬೀಗ್ರು ಆಡ್ಕೋತಾರ. ನೀನs ಬೆಳಗು.”

ತಟ್ಟೆಯನ್ನು ಅವನ ಕೈಯಲ್ಲಿಟ್ಟು ದೂರ ಸರಿದಳು. ಅಣ್ಣ ಹೆಂಡತಿಯ ಕಡೆ ನೋಡಿದ, ಅವಳು ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ನೋಡಿದ. ಕರ್ಪೂರ ಉರಿದು ತಟ್ಟೆ ಕಾಯುತ್ತಿತ್ತು. ನಾನೂ ಕೈ ಚಾಚಲಿಲ್ಲ.