ಒಂದು ಬಿಟ್ಟು ಒಂದು ಗೆರೆ

ಮೊನ್ನೆ ಜಮಖಂಡಿ ಬಸ್ ಸ್ಟ್ಯಾಂಡಿನ ಹೊರಗೆ ಗೋಲಿ ಸೋಡಾ ಕುಡಿಯಲು ನಿಂತಿದ್ದೆ. ಬನಹಟ್ಟಿಯ ಬಸ್ಸು ಇನ್ನೂ ಬಂದಿರಲಿಲ್ಲ. ಅಂಗಡಿಯವನು ಹೆಬ್ಬೆರಳಿನಿಂದ ಗೋಲಿ ಒತ್ತಿದ, ಗಾಳಿ ಚುಯ್ ಎಂದು ಹೊರಬಂತು. ಉಳಿದವರಿಗೆ ಅದು ಬರೀ ಸೋಡಾ. ಭೌತಶಾಸ್ತ್ರ ಕಲಿಸುತ್ತ ತಲೆ ನರೆಸಿಕೊಂಡ ನನ್ನಂಥವನಿಗೆ ಇಂಗಾಲದ ಡೈಆಕ್ಸೈಡು. ಆ ಹೆಸರು ನೆನಪಾದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ, ನೀವೂ ಬಸ್ಸಿಗೇ ಕಾಯುತ್ತಿದ್ದೀರಿ ಎಂದುಕೊಳ್ಳಿ.

ನಮ್ಮ ಕಾಲೇಜಿನ ಎಂ.ಎಸ್ಸಿ.ಯವರಿಗೆ ಒಂದು ಪ್ರಯೋಗವಿತ್ತು. ಈ ಅನಿಲದೊಳಗೆ ಅವಕೆಂಪು ಬೆಳಕು ಹಾಯಿಸಿದರೆ ಅದು ಅಲ್ಲಲ್ಲಿ ಒಂದಿಷ್ಟು ಬೆಳಕನ್ನು ನುಂಗುತ್ತದೆ. ನುಂಗಿದ ಕಡೆಯಲ್ಲೆಲ್ಲ ಕಾಗದದ ಮೇಲೆ ಸಾಲಾಗಿ ಗೆರೆಗಳು ಮೂಡುತ್ತವೆ. ಗೆರೆಗಳ ನಡುವಿನ ಅಂತರ ಅಳೆದರೆ ಅಣುವಿನೊಳಗೆ ಇಂಗಾಲಕ್ಕೂ ಆಮ್ಲಜನಕಕ್ಕೂ ಎಷ್ಟು ದೂರವೆಂದು ಲೆಕ್ಕ ಹಾಕಬಹುದು. ಕಣ್ಣಿಗೆ ಕಾಣದ್ದನ್ನು ಸ್ಕೇಲಿನಿಂದ ಅಳೆಯುವ ಮಜಾ ಅದು. ಯಂತ್ರ ನಮ್ಮಲ್ಲೆಲ್ಲಿಂದ ಬರಬೇಕು? ಆ ಗೆರೆಗಳು ಮೂಡಿದ, ಧಾರವಾಡದಿಂದ ತಂದ ಒಂದು ಚಾರ್ಟಿತ್ತು. ಅದನ್ನೂ ಯಾರೂ ಅಳೆಯುತ್ತಿರಲಿಲ್ಲ. ಅಕ್ಕನ ಲಂಗ ತಂಗಿಗೆ ಬಂದ ಹಾಗೆ ಹಿಂದಿನ ಬ್ಯಾಚಿನವರು ಪ್ರಯೋಗ ಬರೆದಿಟ್ಟ ಜರ್ನಲ್ ಮುಂದಿನವರಿಗೆ ಬರುತ್ತಿತ್ತು. ಎಲ್ಲರೂ ಅದರಿಂದಲೇ ಇಳಿಸಿಕೊಳ್ಳುತ್ತಿದ್ದರು. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೇ ಪಾಸಾದವನು. ಉತ್ತರ ಪುಸ್ತಕದಲ್ಲಿದ್ದಷ್ಟೇ ಬರುತ್ತಿತ್ತು, ಇನ್ನೇನು ಬೇಕು?

ಮಹಾದೇವಿ ಮಾತ್ರ ಅಳೆದಳು. ಬನಹಟ್ಟಿಯ ನೇಕಾರರ ಮನೆಯ ಹುಡುಗಿ, ಮಾತು ಕಡಿಮೆ. ಅವಳ ಲೆಕ್ಕದಲ್ಲಿ ಆ ದೂರ ಪುಸ್ತಕದಲ್ಲಿದ್ದದ್ದಕ್ಕಿಂತ ಬಹಳ ಕಡಿಮೆ ಬಂದಿತ್ತು. ನಾನು ಅವಳ ಅಳತೆಯೇ ತಪ್ಪೆಂದೆ. ಅವಳು ಚಾರ್ಟು ಬಿಚ್ಚಿ ನನ್ನ ಮೇಜಿನ ಮೇಲೆ ಹಾಸಿದಳು.

“ಸರ್, ನಟ್ಟನಡುವಿನ ಖಾಲಿ ಜಾಗ ಉಳಿದ ಅಂತರದ ಎರಡರಷ್ಟು ಇರಬೇಕಿತ್ರಿ. ಒಂದೂವರಿಯಷ್ಟ ಐತಿ. ಒಂದು ಬಿಟ್ಟು ಒಂದು ಗೆರಿ ಇಲ್ಲೇ ಇಲ್ಲ ಅನಸ್ತೈತ್ರಿ. ಹಣಗಿಯೊಳಗ ಒಂದು ಬಿಟ್ಟು ಒಂದು ಎಳಿ ಹಾಕಿದಂಗ.”

ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಗೆ ಅವರು ಹಣಗಿ ಎನ್ನುತ್ತಾರೆ. “ಇದು ನಿಮ್ಮಪ್ಪನ ಮಗ್ಗ ಅಲ್ಲವ್ವಾ” ಎಂದೆ. ಕ್ಲಾಸು ನಕ್ಕಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದೂ ಸೇರಿಸಿದೆ, ಗಾದೆ ನನಗೇ ಹೇಳಿ ಮಾಡಿಸಿದ್ದು ಎಂಬುದು ಆಗ ಹೊಳೆಯಲಿಲ್ಲ. ಹಳೆಯ ಜರ್ನಲ್ ನೋಡಿ ಬರೆದುಕೊಂಡು ಬಾ ಎಂದೆ. ಮೂರು ದಿನ ಬಿಟ್ಟು ತಂದಳು. ನೋಡದೆಯೇ ಸಹಿ ಹಾಕಿದೆ.

ಆದರೂ ಮನಸ್ಸು ಚುರುಗುಟ್ಟುತ್ತಿತ್ತು. ಲೈಬ್ರರಿಯಿಂದ ಒಂದು ದಪ್ಪ ಪುಸ್ತಕ ತಂದು ಓದಿದೆ. ಹುಡುಗಿ ಹೇಳಿದ್ದೇ ಖರೆ. ಎರಡೂ ತುದಿಯ ಆಮ್ಲಜನಕಗಳು ಒಂದೇ ತೆರನಾದ್ದರಿಂದ ಈ ಅಣುವಿನಲ್ಲಿ ಅರ್ಧ ಗೆರೆಗಳು ಹುಟ್ಟುವುದೇ ಇಲ್ಲ. ನಮ್ಮ ಜರ್ನಲುಗಳ ಮೂಲಪುರುಷ ಯಾರೋ ಉತ್ತರ ಸರಿ ಬರಲೆಂದು ಇಲ್ಲದ ಗೆರೆಗಳನ್ನು ಬರೆದಿದ್ದ, ನಾವೆಲ್ಲ ಭಕ್ತಿಯಿಂದ ಪಾಲಿಸಿಕೊಂಡು ಬಂದಿದ್ದೆವು. ಪುಸ್ತಕ ಮುಚ್ಚಿ ಲೈಬ್ರರಿಗೆ ಮರಳಿಸಿದೆ. ಪರೀಕ್ಷೆ ಮುಗಿಯಲಿ, ಹೇಳಿದರಾಯಿತು ಎಂದುಕೊಂಡೆ. ಕ್ಲಾಸಿನ ಮುಂದೆ ಸೋಲಲು ನನಗೆ ಧೈರ್ಯವಿರಲಿಲ್ಲ, ಇದ್ದದ್ದು ಇಷ್ಟೇ.

ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ರಾಶಿಯಲ್ಲಿ ಕೈಗೆ ಸಿಕ್ಕ ಅವಳ ಜರ್ನಲ್ಲೊಂದನ್ನೇ ತೆರೆದರು, ಪಕ್ಕದಲ್ಲಿ ಚಾರ್ಟು ಹಾಸಿ ಸ್ಕೇಲಿಟ್ಟರು. ಚಾರ್ಟಿನಲ್ಲಿರುವುದಕ್ಕಿಂತ ಎರಡು ಪಟ್ಟು ಗೆರೆ ನೀನು ಎಲ್ಲಿಂದ ತಂದೆ, ಯಾರು ಹೇಳಿಕೊಟ್ಟರು ಎಂದು ಕೇಳಿದರು. ಅವಳು ಉತ್ತರಿಸದೆ ನನ್ನನ್ನೇ ನೋಡುತ್ತ ನಿಂತಳು. ಬಹಳ ಹೊತ್ತು ನಿಂತಳು. ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಕೊನೆಗೆ, “ನಾನ ಬರದೇನ್ರಿ ಸರ್” ಎಂದಳು.

ಅಂಕ ಹೋದವು. ಸಂಶೋಧನೆಗೆಂದು ಧಾರವಾಡಕ್ಕೆ ಹೋಗುವ ಆಸೆ ಅವಳಿಗಿತ್ತು, ಆ ಅಂಕಗಳಿಲ್ಲದೆ ಸೀಟು ಸಿಗಲಿಲ್ಲ. ಪರೀಕ್ಷೆ ಮುಗಿದ ಮೇಲೂ ನಾನು ಏನೂ ಹೇಳಲಿಲ್ಲ.

ಮೊನ್ನೆ ಬಸ್ಸು ಹತ್ತಿದ್ದು ಅವಳ ಶಾಲೆಗೇ. ಈಗ ಅವಳು ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರು. ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದಳು. ವೇದಿಕೆಯ ಮೇಲೆ ಗುರುಗಳು ಎಂದು ಶಾಲು ಹೊದಿಸಿದರು. ಆಮೇಲೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಎಲ್ಲವನ್ನೂ ಹೇಳಿಬಿಟ್ಟೆ. ನೀನು ಹೇಳಿದ್ದೇ ಸರಿಯಾಗಿತ್ತು, ಅದು ನನಗೆ ಪರೀಕ್ಷೆಗೆ ಮೊದಲೇ ಗೊತ್ತಾಗಿತ್ತು, ತಪ್ಪಾಯಿತು ಎಂದೆ. ಇರಲಿ ಬಿಡ್ರಿ ಸರ್ ಎನ್ನುತ್ತಾಳೆಂದು ಒಳಗೊಳಗೇ ನಂಬಿದ್ದೆ.

ಅವಳು ಚಹಾದ ಬಸಿ ಕೆಳಗಿಟ್ಟಳು.

“ಗೊತ್ತಿತ್ರಿ ಸರ್. ಪರೀಕ್ಷಾಕ್ಕ ಎರಡು ದಿನ ಮೊದಲ ನಾನೂ ಲೈಬ್ರರಿಯಿಂದ ಆ ಪುಸ್ತಕ ತಗೊಂಡಿದ್ದೆರಿ. ಒಳಗಿನ ಚೀಟಿ ಮ್ಯಾಲ ನನಗಿಂತ ಮೊದಲ ನಿಮ್ಮ ಸಹಿ ಇತ್ತು. ಅವತ್ತ ನೀವು ಹೇಳ್ತೀರಿ ಅಂತನ ನಾ ಸುಮ್ಮ ನಿಂತಿದ್ದೆ.”

ಗಂಟೆ ಹೊಡೆಯಿತು. ಅವಳು ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೋದಳು. ಹಗುರಾಗಿ ಹೋಗೋಣವೆಂದು ಬಂದವನು ನಾನು, ಎದ್ದು ನಿಲ್ಲಲು ಬಹಳ ಹೊತ್ತು ಬೇಕಾಯಿತು.