ಟೀಚರಮ್ಮನ ಕಂಪ್ಯೂಟರಿನ ಸದ್ದು

ಕಂಪ್ಯೂಟರಿನ ಫ್ಯಾನು ಗೊರಗುಟ್ಟತೊಡಗಿದರೆ ಆ ಬೀದಿಗಳ ಜನ ಹುಡುಕಿಕೊಂಡು ಹೋಗುತ್ತಿದ್ದದ್ದು ಕಿವಿ ಕೇಳದ ಒಬ್ಬರನ್ನು. ಇಪ್ಪತ್ತೆರಡು ವರ್ಷ ಬಟ್ಟೆ ಮಿಲ್ಲಿನ ಮಗ್ಗಗಳ ನಡುವೆ ನಿಂತು ದುಡಿದವರು. ಮಿಲ್ಲು ಮುಚ್ಚುವ ಹೊತ್ತಿಗೆ ಎರಡು ಕಿವಿಯೂ ಹೋಗಿದ್ದವು. ಆಮೇಲೆ ಭಾವಮೈದುನನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೂತು ಹೊಸ ಕೆಲಸ ಕಲಿತರು. ಜನರ ಬಾಯಲ್ಲಿ ಮಾತ್ರ 'ಮಿಲ್ಲಿನವರು' ಆಗಿಯೇ ಉಳಿದರು. ಎದುರಿಗೆ ನಿಂತು ನಿಧಾನವಾಗಿ ಆಡಿದ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದರು. ಯಂತ್ರದ ಸದ್ದನ್ನು ಹಿಡಿಯಲು ಬೆರಳು ಸಾಕಿತ್ತು. ಪೆಟ್ಟಿಗೆಯ ಮೈಮೇಲೆ ಎರಡು ಬೆರಳಿಟ್ಟರೆ ಯಾವ ಸ್ಕ್ರೂ ಸಡಿಲ, ಯಾವ ಬೇರಿಂಗ್ ಸವೆದಿದೆ, ಎಲ್ಲ ಗೊತ್ತಾಗುತ್ತಿತ್ತು.

"ತಮ್ಮ ಗೊರಕೆ ಒಂದು ಬಿಟ್ಟು ಊರೋರ ಸದ್ದೆಲ್ಲ ನಿಲ್ಲಿಸ್ತಾರೆ," ಎಂದು ಹೆಂಡತಿ ನಗುತ್ತಿದ್ದಳು.

ಒಂದು ಬೆಳಿಗ್ಗೆ ಹಿಂದಿನ ಬೀದಿಯ ಟೀಚರಮ್ಮ ಹೇಳಿಕಳಿಸಿದರು. ರಿಟೈರಾದ ಮೇಲೆ ಆಕೆ ಅಂಧ ಮಕ್ಕಳ ಶಾಲೆಗೆ ಪಾಠಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಡುತ್ತಿದ್ದರು. ಓದಿನ ಹಿಂದೆ ಗುಂಯ್ ಎನ್ನುವ ಸದ್ದಿದೆಯೆಂದು ಎರಡು ಪಾಠ ವಾಪಸ್ ಬಂದಿದ್ದವು.

"ಒಟ್ಟು ಏಳು ಪಾಠ ಓದ್ಬೇಕು. ಒಂಬತ್ತೇ ದಿನ ಇರೋದು."

"ಅಷ್ಟು ಅವಸರ ಯಾಕಮ್ಮ?"

ಆಕೆ ಕೊರಳ ಮೇಲೆ ಕೈಯಿಟ್ಟರು. "ಗಂಟಲಲ್ಲಿ ಗಡ್ಡೆ. ಹತ್ತನೇ ದಿನ ಆಪರೇಷನ್. ಜೀವ ಉಳಿಯತ್ತೆ, ದನಿ ಉಳಿಯಲ್ಲ ಅಂದಿದಾರೆ ಡಾಕ್ಟ್ರು."

ಮಿಲ್ಲಿನವರು ಕೈಚೀಲ ಬಿಚ್ಚಿ ಕೆಲಸಕ್ಕೆ ಕೂತರು.

ಪೆಟ್ಟಿಗೆಯೊಳಗೆ ದಿಂಬು ತುಂಬಿಸುವಷ್ಟು ಧೂಳಿತ್ತು. ಬ್ರಷ್ಷಿನಿಂದ ಅದನ್ನೆಲ್ಲ ಕೆರೆದು ತೆಗೆದರು. ಕಿರುಚುತ್ತಿದ್ದ ಚಿಕ್ಕ ಫ್ಯಾನಿನ ಬದಲು ನಿಧಾನವಾಗಿ ತಿರುಗುವ ದೊಡ್ಡದೊಂದನ್ನು ಕೂರಿಸಿ ಸ್ಕ್ರೂಗಳಡಿ ರಬ್ಬರ್ ವಾಷರ್ ಇಟ್ಟರು. ಪ್ರೊಸೆಸರ್ ಮೇಲೆ ಒಣಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿದರು. ಬಿಸಿ ಸಲೀಸಾಗಿ ಹೊರಗೆ ಹೋದರೆ ಫ್ಯಾನು ಒದ್ದಾಡಬೇಕಿಲ್ಲ. ಕೊನೆಗೆ ಮೇಜಿನ ಮೇಲೆ ಅಂಗೈ ಇಟ್ಟರೆ ಟೊಳ್ಳು ಹಲಗೆ ಇನ್ನೂ ನಡುಗುತ್ತಿತ್ತು. ಪೆಟ್ಟಿಗೆಯನ್ನು ನೆಲಕ್ಕಿಳಿಸಿ ನಾಲ್ಕು ಮೂಲೆಗೂ ರಬ್ಬರಿನ ಕಾಲು ಕೊಟ್ಟರು.

ಟೀಚರಮ್ಮ ಕಣ್ಣು ಮುಚ್ಚಿ ಕಿವಿಗೊಟ್ಟರು. ಮಿಲ್ಲಿನವರ ನೋಟ ಆಕೆಯ ತುಟಿಯ ಮೇಲೆಯೇ.

"ಗುಂಯ್ ಅನ್ನೋದು ಹೋಯ್ತು. ಇನ್ನೊಂದಿದೆ. ಸಣ್ಣಗೆ, ಬಟ್ಟೆ ಎಳೆದ ಹಾಗೆ. ಬರತ್ತೆ, ಹೋಗತ್ತೆ."

ಫ್ಯಾನಿಗೆ ತಂತಿ ತಗಲುತ್ತಿದೆಯೇ ಎಂದು ನೋಡಿದರು. ಹಾಗೇನೂ ಇರಲಿಲ್ಲ. ಡಿಸ್ಕ್ ಮೇಲೆ ಬೆರಳಿಟ್ಟರು, ಅಲ್ಲೂ ಇಲ್ಲ. ಅವರ ಇಷ್ಟು ವರ್ಷದ ಕೆಲಸದಲ್ಲಿ ಬೆರಳು ಸುಳ್ಳು ಹೇಳಿದ್ದಿಲ್ಲ. ಗೋಡೆಯ ಪ್ಲಗ್ ಕಿತ್ತು, ಕಣ್ಣು ಮುಚ್ಚಿಯೇ ಕೂತಿದ್ದ ಆಕೆಯನ್ನು ಕೇಳಿದರು: "ಈಗ?"

"ಈಗಲೂ ಇದೆ."

ಉತ್ತರ ಕೊಟ್ಟು ಆಕೆ ಕಣ್ಣು ತೆರೆದರು. ಪರದೆ ಕಪ್ಪಗಿತ್ತು. ಪ್ಲಗ್ ಮಿಲ್ಲಿನವರ ಕೈಯಲ್ಲಿತ್ತು. ಆಕೆ ಒಂದು ಕ್ಷಣ ಉಸಿರು ಬಿಗಿಹಿಡಿದರು. ಮತ್ತೆ ಬಿಟ್ಟರು.

"ನಂದೇ," ಎಂದರು.

"ಅದನ್ನ ನಾನು ತೆಗೆಯಕ್ಕಾಗಲ್ಲ ಅಮ್ಮ. ತೆಗೆಯೋದೂ ಬೇಡ. ನೀವು ಓದಿ."

ಆಕೆ ಪುಸ್ತಕ ತೆರೆದರು.

ಅಂದು ಊಟಕ್ಕೆ ಮನೆಗೆ ಬಂದ ಮಿಲ್ಲಿನವರು ತಟ್ಟೆಯ ಅನ್ನ ಕಲಸುತ್ತಲೇ ಕೂತರು. ಏನಾಯಿತೆಂದು ಹೆಂಡತಿ ಕೇಳಿದಳು.

"ನಿನ್ನ ದನಿ ಹೇಗಿತ್ತು ಅಂತ ನೆನಪು ಮಾಡ್ಕೊಳ್ತಿದೀನಿ ಕಣೇ. ಬರ್ತಾ ಇಲ್ಲ."

ಎಲ್ಲಕ್ಕೂ ಒಂದು ತಮಾಷೆ ಸಿದ್ಧವಿಟ್ಟುಕೊಳ್ಳುತ್ತಿದ್ದ ಅವಳು ಅಂದು ಬಡಿಸುವುದನ್ನು ಬಿಟ್ಟು ಪಕ್ಕದಲ್ಲಿ ಬಂದು ಕೂತಳು.

ಮರುದಿನದಿಂದ ಪ್ರತಿ ಬೆಳಿಗ್ಗೆ ಮಿಲ್ಲಿನವರು ಹೋಗಿ ಪೆಟ್ಟಿಗೆ ಬಿಸಿಯಾಗಿದೆಯೇ ಎಂದು ನೋಡಿ ಬರುತ್ತಿದ್ದರು. ಪಾಠಗಳನ್ನು ಶಾಲೆ ಒಪ್ಪಿಕೊಂಡಿತು. ಉಸಿರಿನ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಎಂಟನೇ ದಿನಕ್ಕೆ ಆರು ಪಾಠ ಮುಗಿದಿದ್ದವು. ಏಳನೆಯದು ಅರ್ಧಕ್ಕೆ ಬಂದಾಗ ಕೆಮ್ಮು ಹೆಚ್ಚಾಗಿ ಓದು ನಿಂತಿತು.

ಆಪರೇಷನ್ ಸುಸೂತ್ರವಾಯಿತು. ದನಿ ಹೋಯಿತು. ತಿಂಗಳು ಕಳೆದ ಮೇಲೆ ಉಳಿದ ಅರ್ಧ ಪಾಠವನ್ನು ಟೀಚರಮ್ಮನ ತಂಗಿ ಓದಿದಳು. ಟೀಚರಮ್ಮ ಪಕ್ಕದಲ್ಲೇ ಕೂತು, ಉಚ್ಚಾರ ತಪ್ಪಿದಲ್ಲೆಲ್ಲ ಅವಳ ಮೊಣಕೈ ಹಿಡಿದು ನಿಲ್ಲಿಸಿ, ಆ ಸಾಲನ್ನು ಮತ್ತೆ ಮೊದಲಿಂದ ಓದಿಸಿದರು.