ನಲ್ಲಿಗೆ ಅಂಟಿಸಿದ ಎರಡು ಕಣ್ಣು

2023ರ ಬೇಸಿಗೆ. ಮೊಬೈಲ್ ಆಟ ತಯಾರಿಸುವ ಕಂಪನಿಯೊಂದರಲ್ಲಿ ನಾನು ಆರ್ಟ್ ಡೈರೆಕ್ಟರ್ ಆಗಿದ್ದೆ. ಶಿಕಾರಿಪುರದ ಮನೆಯಿಂದಲೇ ಕೆಲಸ. ನಮ್ಮದು ವರ್ಷಗಳಿಂದ ನಡೆದು ಬಂದ ಆಟ: ಆಡುವವರು ಊರೂರು ಅಲೆದು ವಿಚಿತ್ರ ಜೀವಿಗಳನ್ನು ಹಿಡಿಯಬೇಕು, ಪಳಗಿಸಬೇಕು, ಒಂದರ ಮೇಲೊಂದು ಕಾಳಗಕ್ಕೆ ಬಿಡಬೇಕು. ಆಗ ಒಂಬತ್ತನೆಯ ಭಾಗ ಸಿದ್ಧವಾಗುತ್ತಿತ್ತು. ಎಂಟು ಭಾಗಗಳಲ್ಲಿ ಹುಲಿ, ಹಾವು, ಹದ್ದು, ಏಡಿ ಎಲ್ಲ ಮುಗಿದಿದ್ದವು. ಬೇರೆ ದಾರಿ ಕಾಣದೆ ಅಡುಗೆಮನೆಗೂ ಬಚ್ಚಲಿಗೂ ಕೈ ಹಾಕಿದ್ದೆವು.

ಬಿಡುಗಡೆಗೆ ಮುಂಚೆ ಹಳೆಯ ಆಟಗಾರರಿಗೆ ಕೊಟ್ಟು ಆಡಿಸಿ ನೋಡುವ ಪದ್ಧತಿ ಇದೆ. ಅದಕ್ಕೆ ಪ್ಲೇಟೆಸ್ಟ್ ಎನ್ನುತ್ತಾರೆ. ಅವರು ನಮ್ಮ ಮಾನ ಹರಾಜು ಹಾಕಿದರು. 'ಕುಕ್ಕರಿಗೆ ಬಾಯಿ ಬರೆದರೆ ಜೀವಿಯೇ?' ಎಂದೊಬ್ಬರು. 'ಕಲಾವಿದರು ನಿದ್ದೆಯಲ್ಲಿದ್ದರೇ?' ಎಂದಿನ್ನೊಬ್ಬರು. ಎಲ್ಲರಿಗಿಂತ ಹೆಚ್ಚು ಬೈಸಿಕೊಂಡದ್ದು ತೊಟ್ಟಿಕ್ಕ ಎಂಬ ಜೀವಿ. ನೀರಿನ ನಲ್ಲಿ, ಅದಕ್ಕೆರಡು ಕಣ್ಣು. ಅಷ್ಟೇ.

ಗಾಬರಿಯಲ್ಲಿ ಕೊಂಬು, ರೆಕ್ಕೆ, ಬೆಂಕಿ ಸೇರಿಸಿದೆವು. 'ಈಗ ಇದು ರೆಕ್ಕೆ ಇರುವ ಕುಕ್ಕರು' ಎಂದು ಉತ್ತರ ಬಂತು. ಕೊನೆಗೆ ಆಟದ ಪ್ರೊಡ್ಯೂಸರ್ ಮಾಲತಿಯವರು ಫೋನ್ ಮಾಡಿದರು.

"ಆ ನಲ್ಲಿ ತೆಗೆದುಬಿಡಿ. ಅದನ್ನ ಬರೆದವರ ಕಾಂಟ್ರ್ಯಾಕ್ಟೂ ಇಲ್ಲಿಗೇ ಸಾಕು."

ಬರೆದವರು ಸೊರಬದ ನಾಗರತ್ನ. ಹಿಂದೆ ಅಂಗಡಿಗಳಿಗೆ ಬಣ್ಣದಲ್ಲಿ ಬೋರ್ಡ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದು ಆ ಕೆಲಸವನ್ನು ನುಂಗಿತು. ನಲವತ್ತರ ಮೇಲೆ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಲು ಕಲಿತು ನಮ್ಮಲ್ಲಿಗೆ ಬಂದಿದ್ದರು. ಎರಡನೆಯ ಸಲ ಅವರ ಕೈಯಿಂದ ಕುಂಚ ಕಿತ್ತುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಅಂತ ನನಗೆ ಮಾಲತಿಯವರ ಮೇಲೆ ಸಿಟ್ಟು ಬಂತು. ಆದರೆ ಎತ್ತಿಗೆ ಬಂದ ಜ್ವರ ಯಾವುದೆಂದು ನನಗೂ ತಿಳಿದಿರಲಿಲ್ಲ. ಇಂಥ ಮಾತನ್ನು ಫೋನಿನಲ್ಲಿ ಹೇಳಬಾರದೆಂದು ಮರುದಿನ ಬೆಳಿಗ್ಗೆ ಸೊರಬದ ಬಸ್ಸು ಹತ್ತಿದೆ. ಶಿರಾಳಕೊಪ್ಪ ದಾಟುವ ತನಕ ಮಾತು ಜೋಡಿಸುತ್ತಲೇ ಇದ್ದೆ, ಒಂದೂ ಸರಿ ಕಾಣಲಿಲ್ಲ.

ಅಂದು ಅವರ ಬೀದಿಗೆ ನೀರು ಬಿಡುವ ದಿನ. ನಾಗರತ್ನ ನನ್ನನ್ನು ನೇರ ಹಿತ್ತಲಿಗೇ ಕರೆದುಕೊಂಡು ಹೋದರು. ಅಲ್ಲಿ ಕೊಡ, ಬಕೆಟ್, ಪಾತ್ರೆಗಳು ಸಾಲಾಗಿ ಕಾದಿದ್ದವು. ನಾನು "ನಾಗರತ್ನ, ಒಂದು ವಿಷ್ಯ ಮಾತಾಡೋದಿತ್ತು" ಎಂದು ಬಾಯಿ ತೆರೆದೆ.

"ತಡೀರಿ ಸರ್, ನೀರು ಬರೋ ಹೊತ್ತು. ಆಮೇಲೆ ಮಾತಾಡಾಣ" ಎಂದು ಅವರು ನಲ್ಲಿಯ ಬುಡದಲ್ಲಿ ಕೂತೇಬಿಟ್ಟರು.

ನಲ್ಲಿ ಸುಂಯ್ ಎಂದು ಗಾಳಿ ಬಿಟ್ಟಿತು. ಗೊರಗೊರ ಕೆಮ್ಮಿತು. ಕೆಂಪು ನೀರನ್ನು ಒಂದಿಷ್ಟು ಉಗುಳಿ ಸುಮ್ಮನಾಯಿತು. ಇವತ್ತಿಗೆ ಇಷ್ಟೇ ಇರಬೇಕು ಎಂದುಕೊಂಡು ನಾನು ಬಗ್ಗಿ ನೋಡಿದೆ. ಆಗ ರಪ್ಪನೆ ಬಂತು ನೋಡಿ, ನನ್ನ ಅಂಗಿಯೆಲ್ಲ ನೀರು!

ನಾಗರತ್ನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದರ ಬುದ್ಧಿಯೇ ಹಂಗೆ ಸರ್. ಕೆಮ್ತದೆ, ಸತ್ತ ಹಂಗೆ ಮಾಡ್ತದೆ. ನಾವು ಹತ್ರ ಹೋದ ಕೂಡ್ಲೇ ಮೈಮೇಲೆ ಬರ್ತದೆ. ತೊಟ್ಟಿಕ್ಕನ್ನ ನಾನು ಇದನ್ನ ನೋಡ್ಕಂಡೇ ಬರೆದಿದ್ದು."

"ಮತ್ತೆ ಈ ಬುದ್ಧಿ ನಿಮ್ಮ ಚಿತ್ರದಾಗೆ ಎಲ್ಲೈತ್ರೀ?"

"ಎಲ್ಲಿ ಬರೀಲಿ ಸರ್? ನೀವು ಕೊಡೋ ಶೀಟಲ್ಲಿ ನಿಂತ್ಕಂಡ ಚಿತ್ರಕ್ಕೆ ಮಾತ್ರ ಜಾಗ ಇರೋದು."

ಅದು ನಿಜ. ಮಾಡೆಲ್ ಶೀಟ್ ಎಂದರೆ ಜೀವಿಯ ಮುಂಭಾಗ, ಪಕ್ಕ, ಹಿಂಭಾಗ ತೋರಿಸುವ ಒಂದು ಹಾಳೆ. ಎಂಟು ಭಾಗಗಳಿಂದ ಅದೇ ಹಾಳೆ. ಹುಲಿಗೆ ಅದು ಸಾಕಾಗಿತ್ತು, ಯಾಕೆಂದರೆ ಹುಲಿಯ ಬುದ್ಧಿ ಆಡುವವರಿಗೆ ಮೊದಲೇ ಗೊತ್ತು. ನಲ್ಲಿಗೆ ಸಾಕಾಗಲಿಲ್ಲ. ನಮ್ಮ ಕಡೆ ಹೋರಿಗಳನ್ನು ಜನರ ನಡುವೆ ಓಡಿಸುವ ಹೋರಿ ಹಬ್ಬದಲ್ಲಿ ಎಲ್ಲ ಹೋರಿಗೂ ಕೊಬ್ಬರಿ ಸರ, ಬಲೂನು ಕಟ್ಟಿರುತ್ತಾರೆ. ಆದರೂ ಜನ ದೂರದಿಂದಲೇ ಹೆಸರು ಹಿಡಿದು ಕೂಗುವುದು ಹೋರಿ ಓಡಿ ಬರುವ ಗತ್ತು ನೋಡಿ. ಹುಟ್ಟಿದಾಗಿನಿಂದ ನೋಡಿದ ಈ ಸಂಗತಿ ಕೆಲಸಕ್ಕೆ ಕೂತಾಗ ನನಗೆ ಹೊಳೆದೇ ಇರಲಿಲ್ಲ.

ಹೇಳಲು ಹೋದ ಮಾತನ್ನು ಹೇಳದೆ, ಒದ್ದೆ ಅಂಗಿಯಲ್ಲೇ ಮಾಲತಿಯವರಿಗೆ ಫೋನ್ ಮಾಡಿದೆ. "ಎರಡು ವಾರ ಕೊಡ್ರೀ. ಆಮೇಲೂ ಆಟಗಾರರು ಬೈದರೆ ನಾಗರತ್ನ ಅವರ ಜೊತೆ ನನ್ನನ್ನೂ ಕಳಿಸಿಬಿಡಿ" ಎಂದೆ. ಅವರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ರೆಕ್ಕೆ, ಬೆಂಕಿ ಕಿತ್ತು ಹಾಕಿದೆವು. ಪ್ರತಿ ಜೀವಿಯೂ ಕಣಕ್ಕೆ ಹೇಗೆ ಬರುತ್ತದೆ ಎಂಬುದನ್ನು ಮಾತ್ರ ಹೊಸದಾಗಿ ಬರೆದೆವು. ಕುಕ್ಕರು ಎರಡು ಸೀಟಿ ಹಾಕಿ, ಎದುರಾಳಿಯನ್ನು ಮೂರನೆಯದಕ್ಕೆ ಕಾಯಿಸಿತು. ತೊಟ್ಟಿಕ್ಕ ಕೆಮ್ಮಿ, ನಾಚಿ, ಸತ್ತಂತೆ ಬಿದ್ದು, ಎದುರಾಳಿ ಹತ್ತಿರ ಬಂದ ಕೂಡಲೇ ರಪ್ಪನೆ ಎರಗಿತು.

ಮತ್ತೆ ಪ್ಲೇಟೆಸ್ಟ್. ಮೊದಲ ಅಭಿಪ್ರಾಯವೇ 'ಅಯ್ಯೋ, ಇದು ನಮ್ಮನೆ ನಲ್ಲಿ!' ಎಂದಿತ್ತು. ಅದರ ಕೆಳಗೆ ಅಂಥವೇ ಹಲವು. ಸಂಜೆ ಮಾಲತಿಯವರು, "ತೊಟ್ಟಿಕ್ಕನ್ನ ಯಾರೂ ಮುಟ್ಟಬೇಡಿ. ನಾಗರತ್ನ ಅವರ ಕಾಂಟ್ರ್ಯಾಕ್ಟ್ ಮುಂದುವರೀತದೆ" ಎಂದರು. ಹೋದ ಜೀವ ಬಂದಂತಾಯಿತು. ಕುರ್ಚಿಯಲ್ಲಿ ಸುಮ್ಮನೆ ಕೂತು ಒಬ್ಬನೇ ನಕ್ಕೆ.

ಅಂದಿನಿಂದ ಯಾವ ಚಿತ್ರ ಕೈಗೆ ಬಂದರೂ, ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ಮೊದಲು ಇದರ ಬುದ್ಧಿ ಎಂಥದು ಎಂದು ಕೇಳುತ್ತೇನೆ. ಬರೆದವರಿಗೆ ಅದು ಗೊತ್ತೇ ಇರುತ್ತದೆ, ಹೇಳಲು ನಾವು ಜಾಗ ಕೊಟ್ಟಿರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಮಾಲತಿಯವರು ಒಪ್ಪಿದ ಸಂಜೆಯೇ ನಾಗರತ್ನ ಅವರಿಗೆ ಸುದ್ದಿ ತಿಳಿಸಿ, ನೀರು ಬಿಟ್ಟ ದಿನ ಸೊರಬಕ್ಕೆ ಯಾಕೆ ಬಂದಿದ್ದೆ ಎಂಬುದನ್ನೂ ಹೇಳಿಬಿಟ್ಟೆ.

"ಗೊತ್ತಿತ್ತು ಸರ್" ಎಂದರು. "ಒಳ್ಳೆ ಸುದ್ದಿ ಹೇಳಕ್ಕೆ ಯಾರೂ ಶಿಕಾರಿಪುರದಿಂದ ಬಸ್ಸು ಹತ್ಕಂಡು ಬರಲ್ಲ. ಅದಕ್ಕೇ ನಲ್ಲಿ ಹತ್ರ ಕರ್ಕಂಡು ಹೋಗಿದ್ದು."